ಬ್ರೀಸ್‌ನನ್ನು ಬಿಟ್ಟದ್ದು ತಪ್ಪಾ? ಕ್ವಾರ್ಟರ್‌ಬ್ಯಾಕ್ ಆಯ್ಕೆ ಬಗ್ಗೆ ನನ್ನ ಉತ್ತರ

ಒಳ್ಳೆ ಪ್ರಶ್ನೆ ಕೇಳಿದ್ದೀರಿ, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನೀವು ಕೇಳಿದ್ದು ಎರಡು. 2006ರಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್‌ನ ಸ್ಯಾನ್ ಡಿಯಾಗೋ ಚಾರ್ಜರ್ಸ್ ತಂಡ, ತನ್ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಡ್ರೂ ಬ್ರೀಸ್‌ನನ್ನು ಬಿಟ್ಟು ಫಿಲಿಪ್ ರಿವರ್ಸ್‌ನನ್ನು ಉಳಿಸಿಕೊಂಡದ್ದು ತಪ್ಪಾ? ಇವತ್ತು ಒಂದು ತಂಡ ಅಂಥದೇ ಜಾಗದಲ್ಲಿ ನಿಂತರೆ ಏನು ನೋಡಿ ತೀರ್ಮಾನ ಮಾಡಬೇಕು?

ಈ ಚರ್ಚೆಯಲ್ಲಿ ಒಬ್ಬರು "ಗೆಲ್ಲಿಸುತ್ತಿರುವವನನ್ನು ಬಿಡಲೇಬಾರದು" ಅಂದಿದ್ದಾರೆ. ಇನ್ನೊಬ್ಬರು "ಅಷ್ಟು ದೊಡ್ಡ ಡ್ರಾಫ್ಟ್ ಪಿಕ್ ಕೊಟ್ಟ ಮೇಲೆ ಹುಡುಗನನ್ನು ಆಡಿಸಲೇಬೇಕು" ಅಂದಿದ್ದಾರೆ. (ಡ್ರಾಫ್ಟ್ ಅಂದರೆ ಕಾಲೇಜು ಆಟಗಾರರನ್ನು ತಂಡಗಳು ಸರದಿಯಲ್ಲಿ ಆರಿಸುವುದು, ಹೆಚ್ಚು ಸೋತ ತಂಡ ಮೊದಲು. ಒಂದೊಂದು ಸರದಿ ಒಂದು ಪಿಕ್, ಅದನ್ನು ಬೇರೆ ತಂಡಕ್ಕೆ ಕೊಡಲೂಬಹುದು.) ಎರಡೂ ಆಗಿಹೋದದ್ದನ್ನು ನೋಡಿ ಹೇಳಿದ ಮಾತು. ತಂಡ ದುಡ್ಡು ಕೊಡುವುದು ಮುಂದಿನ ವರ್ಷಗಳಿಗೆ. ಇಷ್ಟು ಹಣಕ್ಕೆ, ಇಷ್ಟು ವರ್ಷ, ಇವನಿಂದ ಏನು ಸಿಗುತ್ತದೆ? ನನ್ನ ಪ್ರಕಾರ ಕೇಳಬೇಕಾದ್ದು ಇಷ್ಟೇ. ಕೇಳಬೇಕಾದ ಸಮಯಕ್ಕೆ ಕೇಳಬೇಕು, ಅದೂ ಮುಖ್ಯ.

ಮೊದಲು ಚಾರ್ಜರ್ಸ್ ಕಥೆ, ಗೊತ್ತಿಲ್ಲದವರಿಗಾಗಿ. 2001ರ ಡ್ರಾಫ್ಟ್‌ನಲ್ಲಿ ಎರಡನೇ ಸುತ್ತಿನ ಮೊದಲ ಪಿಕ್‌ನಲ್ಲಿ ಬ್ರೀಸ್ ಬಂದ. 2003ರಲ್ಲಿ ಅವನ ಆಟ ಕೆಟ್ಟಿತು: 11 ಟಚ್‌ಡೌನ್, 15 ಇಂಟರ್ಸೆಪ್ಷನ್ (ಟಚ್‌ಡೌನ್ ಅಂದರೆ ಅಂಕ ತಂದ ಎಸೆತ, ಇಂಟರ್ಸೆಪ್ಷನ್ ಅಂದರೆ ಎದುರಾಳಿ ಹಿಡಿದ ಎಸೆತ). ಮಧ್ಯದಲ್ಲಿ ಅವನನ್ನು ಕೂರಿಸಿ ಡಗ್ ಫ್ಲೂಟಿಯನ್ನು ಆಡಿಸಿದರು. ತಂಡ 4 ಗೆದ್ದು 12 ಸೋತಿತು. ಹಾಗಾಗಿ 2004ರ ಡ್ರಾಫ್ಟ್‌ನಲ್ಲಿ ಮೊದಲ ಪಿಕ್ ಅವರದ್ದೇ ಆಯಿತು. ಈಲೈ ಮ್ಯಾನಿಂಗ್‌ನನ್ನು ಆರಿಸಿದರು. ಅವನು ಅಲ್ಲಿ ಆಡುವುದಿಲ್ಲ ಅಂದ. ನ್ಯೂಯಾರ್ಕ್ ಜೈಂಟ್ಸ್‌ಗೆ ಅವನನ್ನು ಕೊಟ್ಟು, ನಾಲ್ಕನೇ ಪಿಕ್‌ನಲ್ಲಿ ಬಂದಿದ್ದ ರಿವರ್ಸ್‌ನನ್ನೂ ಜೊತೆಗೆ ಇನ್ನಷ್ಟು ಪಿಕ್‌ಗಳನ್ನೂ ಪಡೆದರು. ರಿವರ್ಸ್ ಒಪ್ಪಂದಕ್ಕೆ ಸಹಿ ಹಾಕಿದ್ದು ತಡವಾಗಿ, ಆಗಸ್ಟ್ ಕೊನೆಗೆ. ಅಷ್ಟರಲ್ಲಿ ಬ್ರೀಸ್ ತನ್ನ ಜಾಗ ಗಟ್ಟಿ ಮಾಡಿಕೊಂಡಿದ್ದ.

ಆ ಸೀಸನ್ ಅವನು 27 ಟಚ್‌ಡೌನ್ ಎಸೆದ, ಇಂಟರ್ಸೆಪ್ಷನ್ 7 ಮಾತ್ರ. ತಂಡ 12-4, ಅಂದರೆ 12 ಗೆಲುವು, 4 ಸೋಲು. ಈಗ ಕೈಯಲ್ಲಿ ಒಬ್ಬನಲ್ಲ, ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳು. 2005ಕ್ಕೆ ಬ್ರೀಸ್ ಮೇಲೆ ಫ್ರಾಂಚೈಸ್ ಟ್ಯಾಗ್ ಹಾಕಿದರು, ಒಪ್ಪಂದ ಮುಗಿದವನನ್ನು ಒಂದು ವರ್ಷದ ಮಟ್ಟಿಗೆ ಉಳಿಸಿಕೊಳ್ಳುವ ದಾರಿ ಅದು. ಅಂದರೆ ಮನೆ ಕೊಳ್ಳುವ ಬದಲು ಇನ್ನೊಂದು ವರ್ಷ ಬಾಡಿಗೆಗೆ ಇದ್ದ ಹಾಗೆ. ಆ ವರ್ಷ ತಂಡ 9-7. ಡಿಸೆಂಬರ್ 31ರಂದು, ಡೆನ್ವರ್ ವಿರುದ್ಧದ ಕೊನೆಯ ಪಂದ್ಯದಲ್ಲಿ, ಕೈಜಾರಿದ ಚೆಂಡಿಗಾಗಿ ಬ್ರೀಸ್ ನೆಲಕ್ಕೆ ಹಾರಿದ. ಎಸೆಯುವ ಭುಜವೇ ಹರಿದುಹೋಯಿತು. ಒಪ್ಪಂದವೂ ಮುಗಿದಿತ್ತು. ಮಯಾಮಿ ಡಾಲ್ಫಿನ್ಸ್ ಡಾಕ್ಟರುಗಳು ಭುಜ ನೋಡಿ ಹಿಂದೇಟು ಹಾಕಿದರು. ಆ ತಂಡ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಡಾಂಟೆ ಕಲ್ಪೆಪರ್ ಕಡೆ ಹೋಯಿತು. ನ್ಯೂ ಆರ್ಲಿಯನ್ಸ್ ಸೇಂಟ್ಸ್ ಮಾತ್ರ 6 ವರ್ಷಕ್ಕೆ 6 ಕೋಟಿ ಡಾಲರ್ ಕೊಟ್ಟು ಧೈರ್ಯ ಮಾಡಿತು. 2009ರ ಸೀಸನ್‌ನಲ್ಲಿ ಅವರಿಗೆ ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆಲುವು ಬಂತು. ರಿವರ್ಸ್‌ಗೆ ಯಾವತ್ತೂ ಬರಲಿಲ್ಲ.

ಎಲ್ಲರೂ ಆ ಕಪ್ ನೋಡಿ ಚಾರ್ಜರ್ಸ್ ತಪ್ಪು ಮಾಡಿತು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. 2006ರ ಮಾರ್ಚ್‌ನಲ್ಲಿ ನಿಂತು ನೋಡಿ. ಒಂದು ಕಡೆ 27 ವರ್ಷದ, ಭುಜಕ್ಕೆ ದೊಡ್ಡ ಶಸ್ತ್ರಚಿಕಿತ್ಸೆ ಆದ ಆಟಗಾರ. ಇನ್ನೊಂದು ಕಡೆ 24 ವರ್ಷದ ರಿವರ್ಸ್, ಎರಡು ವರ್ಷ ದಿನಾ ಅಭ್ಯಾಸದಲ್ಲಿ ಕಣ್ಣಿಗೆ ಬೀಳುತ್ತಿದ್ದವನು. ಅವನನ್ನು ಆಡಿಸಿದರು. ಮೊದಲ ಸೀಸನ್ 14-2. ಆಮೇಲೆ 2019ರ ತನಕ ಲೀಗ್ ಹಂತದ ಒಂದು ಪಂದ್ಯವನ್ನೂ ಅವನು ತಪ್ಪಿಸಲಿಲ್ಲ. 14 ವರ್ಷ ಕ್ವಾರ್ಟರ್‌ಬ್ಯಾಕ್ ಯಾರು ಅನ್ನುವ ಚಿಂತೆಯೇ ಇಲ್ಲದೆ ಆ ತಂಡ ಆಡಿತು. ಇದನ್ನು ತಪ್ಪು ಆಯ್ಕೆ ಅನ್ನೋದು ಹೇಗೆ?

ತಪ್ಪಾದದ್ದು ಅದಕ್ಕೂ ಒಂದು ವರ್ಷ ಮೊದಲು. 2005ರ ವಸಂತದಲ್ಲಿ ಬ್ರೀಸ್‌ಗೆ ಒಳ್ಳೆ ಬೆಲೆ ಇತ್ತು, ಭುಜವೂ ಸರಿಯಿತ್ತು. ಆಗ ಅವನಿಗೆ ದೀರ್ಘ ಒಪ್ಪಂದ ಕೊಟ್ಟು ರಿವರ್ಸ್‌ನನ್ನು ಮಾರಬಹುದಿತ್ತು. ಇಲ್ಲವೇ ಬ್ರೀಸ್‌ನನ್ನು ಕೊಟ್ಟು ಒಳ್ಳೆ ಪಿಕ್‌ಗಳನ್ನು ಪಡೆಯಬಹುದಿತ್ತು. ಎರಡೂ ಮಾಡದೆ ಇನ್ನೊಂದು ವರ್ಷ ನೋಡೋಣ ಅಂದರು. ಆ ವರ್ಷದ ಕೊನೆಯ ದಿನ ನಿರ್ಧಾರ ಅವರ ಕೈಯಿಂದಲೇ ಹೋಯಿತು.

ವಾಷಿಂಗ್ಟನ್ ತಂಡ ಇದೇ ಕೆಲಸವನ್ನು ಎರಡು ಸಲ ಮಾಡಿತು. 2012ರಲ್ಲಿ ಮೂರು ಮೊದಲ ಸುತ್ತಿನ ಪಿಕ್ ಮತ್ತು ಒಂದು ಎರಡನೇ ಸುತ್ತಿನ ಪಿಕ್ ಕೊಟ್ಟು ರಾಬರ್ಟ್ ಗ್ರಿಫಿನ್‌ನನ್ನು ತಂದರು. ಅದೇ ಡ್ರಾಫ್ಟ್‌ನ ನಾಲ್ಕನೇ ಸುತ್ತಿನಲ್ಲಿ ಕರ್ಕ್ ಕಸಿನ್ಸ್ ಸಿಕ್ಕ. ಗ್ರಿಫಿನ್ ಮೊಣಕಾಲು ಕೆಟ್ಟು ಆಟ ಇಳಿದ ಮೇಲೆ ಕಸಿನ್ಸ್ ಮುಂದೆ ಬಂದ. ಅವನನ್ನು ಪೂರ್ತಿ ನಂಬಲಿಲ್ಲ, ಬಿಡಲೂ ಇಲ್ಲ. 2016, 2017 ಎರಡೂ ವರ್ಷ ಟ್ಯಾಗ್ ಹಾಕಿದರು. ಎರಡು ಟ್ಯಾಗ್‌ಗೆ ಸೇರಿ ಸುಮಾರು 4.4 ಕೋಟಿ ಡಾಲರ್ ಹೋಯಿತು. 2018ರಲ್ಲಿ ಅವನು ಮಿನೆಸೋಟ ವೈಕಿಂಗ್ಸ್‌ಗೆ ಹೊರಟ, 3 ವರ್ಷಕ್ಕೆ 8.4 ಕೋಟಿ, ಎಲ್ಲವೂ ಗ್ಯಾರಂಟಿ. ಆ ಜಾಗಕ್ಕೆ ಅಲೆಕ್ಸ್ ಸ್ಮಿತ್‌ನನ್ನು ತರಲು ವಾಷಿಂಗ್ಟನ್ ಒಳ್ಳೆ ಕಾರ್ನರ್‌ಬ್ಯಾಕ್ (ಎದುರಾಳಿಯ ಪಾಸ್ ತಡೆಯುವವನು) ಕೆಂಡಲ್ ಫುಲ್ಲರ್‌ನನ್ನೂ ಒಂದು ಮೂರನೇ ಸುತ್ತಿನ ಪಿಕ್ಕನ್ನೂ ಕೊಡಬೇಕಾಯಿತು. ತಡ ಮಾಡಿದ್ದಕ್ಕೆ ಎಷ್ಟು ಬೆಲೆ ನೋಡಿ.

ಈಗ ಇವತ್ತಿನ ಲೆಕ್ಕಕ್ಕೆ ಬರೋಣ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2011ರ ಒಪ್ಪಂದದ ನಂತರ ಡ್ರಾಫ್ಟ್ ಹುಡುಗರ ಸಂಬಳಕ್ಕೆ ಮಿತಿ ಬಂತು. ಮೊದಲ ಸುತ್ತಿನವನಿಗೆ 4 ವರ್ಷ, ತಂಡ ಬಯಸಿದರೆ ಐದನೆಯದು. ಉಳಿದ ಸುತ್ತಿನವರಿಗೆ ಬರೀ 4. ಇನ್ನೊಂದು ಕಡೆ ಡಲ್ಲಾಸ್ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್ 2024ರಲ್ಲಿ ವರ್ಷಕ್ಕೆ 6 ಕೋಟಿ ಡಾಲರ್‌ಗೆ ಸಹಿ ಹಾಕಿದ. 2025ರಲ್ಲಿ ಇಡೀ ತಂಡದ ಸ್ಯಾಲರಿ ಕ್ಯಾಪ್ (ಸಂಬಳದ ಒಟ್ಟು ಮಿತಿ) 27.92 ಕೋಟಿ ಇತ್ತು. ಒಬ್ಬನೇ ಐದನೇ ಒಂದು ಭಾಗ ತೆಗೆದುಕೊಂಡರೆ ಉಳಿದವರಿಗೆ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕಿ. ಹಾಗಾಗಿ ಹಳಬ ಸ್ವಲ್ಪ ಉತ್ತಮ ಅನ್ನೋದು ಸಾಲದು. ಅವನಿಗೆ ಕೊಡುವ ಹೆಚ್ಚಿನ ದುಡ್ಡಿನಲ್ಲಿ ಒಬ್ಬ ಲೆಫ್ಟ್ ಟ್ಯಾಕಲ್ (ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವವನು), ಒಬ್ಬ ಪಾಸ್ ರಷರ್ (ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವನು), ಒಬ್ಬ ರಿಸೀವರ್ (ಎಸೆತ ಹಿಡಿಯುವವನು) ಬರುತ್ತಾರೆ. ಅವರೆಲ್ಲ ಸೇರಿದರೂ ಹುಡುಗನಿಗಿಂತ ಹಳಬನೇ ಮೇಲು ಅನಿಸಬೇಕು, ಆಗ ಕೊಡಿ.

ಒಂದೇ ಸೀಸನ್ ನೋಡಿ ಕೊಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಡೇನಿಯಲ್ ಜೋನ್ಸ್ ಇದ್ದಾನೆ. 2019ರ ಆರನೇ ಪಿಕ್. ಮೂರು ವರ್ಷ ನೋಡಿ ಜೈಂಟ್ಸ್ ಅವನ ಐದನೇ ವರ್ಷ ಬೇಡ ಅಂದಿತು. 2022ರಲ್ಲಿ ತಂಡ 9-7-1 (ಕೊನೆಯದು ಟೈ) ಆಗಿ ಪ್ಲೇಆಫ್‌ಗೆ ಹೋಯಿತು, ವೈಕಿಂಗ್ಸ್ ವಿರುದ್ಧ ಒಂದು ಪಂದ್ಯ ಗೆದ್ದಿತು. ತಕ್ಷಣ 4 ವರ್ಷಕ್ಕೆ 16 ಕೋಟಿ. ಆದರೆ ಆ ಸೀಸನ್ ಪೂರ್ತಿ ಅವನು ಎಸೆದ ಟಚ್‌ಡೌನ್ 15 ಮಾತ್ರ! ಗೆಲುವಿನ ಅಂಕಿ ಚೆನ್ನಾಗಿತ್ತು, ಎಸೆತದ ಅಂಕಿ ಸಾಧಾರಣವಾಗಿತ್ತು. 2024ರ ನವೆಂಬರ್‌ನಲ್ಲಿ ಅವನನ್ನು ಬಿಟ್ಟರು. ಅದೇ ವರ್ಷ ಜೈಂಟ್ಸ್ ಕೈಬಿಟ್ಟಿದ್ದ ಚೆಂಡು ಹಿಡಿದು ಓಡುವ ಆಟಗಾರ ಸಕ್ವಾನ್ ಬಾರ್ಕ್ಲಿ ಫಿಲಡೆಲ್ಫಿಯಾದಲ್ಲಿ 2,005 ಗಜ ಓಡಿ ಸೂಪರ್ ಬೌಲ್ ಗೆದ್ದ. ನನಗೆ ಇದು ಇಂದಿಗೂ ಬೇಸರ ತರಿಸುವ ವಿಷಯ.

ಡೆನ್ವರ್ ಮಾಡಿದ್ದು ಇನ್ನೂ ಅವಸರ. 2022ರಲ್ಲಿ ರಸೆಲ್ ವಿಲ್ಸನ್‌ನನ್ನು ತಂದು, ತಮ್ಮ ಪರ ಒಂದು ಪಂದ್ಯವನ್ನೂ ಆಡುವ ಮೊದಲೇ 5 ವರ್ಷಕ್ಕೆ 24.5 ಕೋಟಿ ಬರೆದುಕೊಟ್ಟರು. 2024ರಲ್ಲಿ ಬಿಟ್ಟಾಗ 8.5 ಕೋಟಿ ಡಾಲರ್ ಆಡದವನ ಹೆಸರಿನಲ್ಲಿ ಎರಡು ವರ್ಷ ಕ್ಯಾಪ್ ಮೇಲೆ ಕೂತಿತು.

ಹಾಗಾದರೆ ಆಟದಲ್ಲಿ ನೋಡಬೇಕಾದ್ದೇನು? ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಇದೇ ನನಗೆ ಮುಖ್ಯ ಅನಿಸುವ ಭಾಗ.

ಗೆಲುವು-ಸೋಲು ಬದಿಗಿಡಿ. ಅದು ಇಡೀ ತಂಡದ 53 ಜನರ ಲೆಕ್ಕ. ಪಾಕೆಟ್ (ಕ್ವಾರ್ಟರ್‌ಬ್ಯಾಕ್ ಸುತ್ತ ತಂಡದವರು ಕಟ್ಟುವ ಕಾವಲು) ಗಟ್ಟಿಯಾಗಿದ್ದು, ಯಾರೂ ಮೇಲೆ ಬೀಳದಿದ್ದಾಗ ಅವನು ಹೇಗೆ ಎಸೆಯುತ್ತಾನೆ ಅಂತ ಮೊದಲು ನೋಡಿ. ಒತ್ತಡದಲ್ಲಿ ಎಸೆದದ್ದೇ ನಿಜವಾದ ಪರೀಕ್ಷೆ ಅಂತ ತುಂಬಾ ಜನ ಹೇಳುತ್ತಾರೆ. ಕೇಳೋಕೆ ಚೆನ್ನಾಗಿದೆ. ಆದರೆ ಒತ್ತಡದ ಅಂಕಿಗಳು ವರ್ಷದಿಂದ ವರ್ಷಕ್ಕೆ ವಿಪರೀತ ಏರಿಳಿಯುತ್ತವೆ. ಪಾಕೆಟ್ ಗಟ್ಟಿಯಿದ್ದಾಗಿನ ಆಟ ಅಷ್ಟು ಬದಲಾಗುವುದಿಲ್ಲ. ಮುಂದಿನ ವರ್ಷ ಊಹಿಸಲು ಅದೇ ಹೆಚ್ಚು ನಂಬಿಕಸ್ಥ. ಒಬ್ಬನ ಒಳ್ಳೆ ಸೀಸನ್ ಪೂರ್ತಿ ಒತ್ತಡದ ಪವಾಡಗಳ ಮೇಲೆ ನಿಂತಿದ್ದರೆ ಹುಷಾರಾಗಿರಿ.

ಸ್ಯಾಕ್ (ಎಸೆಯುವ ಮೊದಲೇ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಬಗ್ಗೆಯೂ ಒಂದು ಮಾತು. ಸ್ಯಾಕ್ ಆದಾಗಲೆಲ್ಲ ಅವನನ್ನು ಕಾಯುವ ಆಫೆನ್ಸಿವ್ ಲೈನ್ ಅನ್ನು ಬೈಯುವುದು ನಮ್ಮ ಅಭ್ಯಾಸ. ಚೆಂಡನ್ನು ಎಷ್ಟು ಹೊತ್ತು ಹಿಡಿದಿರಬೇಕು ಅಂತ ತೀರ್ಮಾನಿಸುವವನು ಕ್ವಾರ್ಟರ್‌ಬ್ಯಾಕ್ ಅಲ್ವಾ? ಒಬ್ಬ ಆಟಗಾರ ತಂಡ ಬದಲಿಸಿದರೂ ಈ ಅಭ್ಯಾಸ ಅವನ ಜೊತೆಗೇ ಹೋಗುತ್ತದೆ. ಬೆಂಚಿನ ಹುಡುಗ ಕಾಲೇಜಿನಲ್ಲೇ ಚೆಂಡು ಹಿಡಿದು ನಿಲ್ಲುತ್ತಿದ್ದರೆ, ಒಳ್ಳೆ ಲೈನ್ ಕೊಟ್ಟ ಮಾತ್ರಕ್ಕೆ ಅದು ಹೋಗುವುದಿಲ್ಲ.

ಆಮೇಲೆ ಥರ್ಡ್ ಡೌನ್ (10 ಗಜ ದಾಟಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದು), 7 ಗಜಕ್ಕಿಂತ ಜಾಸ್ತಿ ಬೇಕಾದ ಸಂದರ್ಭ. ಪಾಸ್ ಬರುತ್ತದೆ ಅಂತ ಎದುರಾಳಿಗೆ ಗೊತ್ತು, ಪ್ಲೇ-ಆಕ್ಷನ್ (ಓಟಕ್ಕೆ ಚೆಂಡು ಕೊಡುವಂತೆ ನಟಿಸಿ ಎಸೆಯುವುದು) ನಡೆಯುವುದಿಲ್ಲ, ಕೋಚ್ ಬರೆದ ಮೊದಲ ರಿಸೀವರ್ ಮುಚ್ಚಿಹೋಗಿರುತ್ತಾನೆ. ಆಗ ಕಣ್ಣು ಎರಡನೆಯವನಿಗೆ, ಮೂರನೆಯವನಿಗೆ ಹೋಗುತ್ತದಾ? ಒಂದೊಂದು ಸೀಸನ್‌ನಲ್ಲಿ ಇಂಥ ಎಸೆತ ಕಡಿಮೆ ಇರುತ್ತವೆ, ಅದಕ್ಕೆ ಅಂಕಿ ನೋಡಬೇಡಿ, ಟೇಪ್ ನೋಡಿ. ಮೇಲಿನಿಂದ ತೆಗೆದ, 22 ಜನರೂ ಕಾಣುವ ಟೇಪ್. ಟಿವಿಯಲ್ಲಿ ರಿಸೀವರ್‌ಗಳು ಚೌಕಟ್ಟಿನ ಹೊರಗೇ ಇರುತ್ತಾರೆ, ಯಾರು ಖಾಲಿ ಇದ್ದರು ಅಂತ ಗೊತ್ತಾಗುವುದೇ ಇಲ್ಲ.

ಈ ಎಲ್ಲ ಗೊಂದಲ ಒಟ್ಟಿಗೆ ಬಂದದ್ದು ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್‌ಗೆ. ಬೇ ಏರಿಯಾದಲ್ಲಿರುವ ನಮ್ಮ ಕನ್ನಡದವರು ಇದನ್ನು ಕಣ್ಣಾರೆ ನೋಡಿದ್ದೀರಿ. 2021ರಲ್ಲಿ 12ರಿಂದ 3ನೇ ಪಿಕ್‌ಗೆ ಏರಲು ಮುಂದಿನ ಎರಡು ವರ್ಷದ ಮೊದಲ ಸುತ್ತಿನ ಪಿಕ್‌ಗಳನ್ನೂ ಕೊಟ್ಟು ಟ್ರೇ ಲ್ಯಾನ್ಸ್‌ನನ್ನು ತಂದರು. ಅವರ ಪರ ಅವನು ಪಂದ್ಯದ ಆರಂಭದಿಂದಲೇ ಆಡಿದ್ದು 4 ಸಲ. 2022ರಲ್ಲಿ ಅವನ ಪಾದದ ಕೀಲು ಮುರಿಯಿತು, ಡಿಸೆಂಬರ್‌ನಲ್ಲಿ ಅವನ ಬದಲು ಆಡುತ್ತಿದ್ದ ಜಿಮ್ಮಿ ಗರೊಪೊಲೊ ಪಾದವೂ ಮುರಿಯಿತು. ಆಗ ಬಂದವನು ಬ್ರಾಕ್ ಪರ್ಡಿ, ಆ ಡ್ರಾಫ್ಟ್‌ನ ಕಟ್ಟಕಡೆಯ, 262ನೇ ಪಿಕ್. ವರ್ಷಕ್ಕೆ 10 ಲಕ್ಷ ಡಾಲರ್‌ಗಿಂತ ಕಡಿಮೆ ಸಂಬಳ. 2023ರ ಸೀಸನ್‌ನಲ್ಲಿ ಅವನು ತಂಡವನ್ನು ಸೂಪರ್ ಬೌಲ್‌ಗೆ ಕರೆದೊಯ್ದ, ಓವರ್‌ಟೈಮ್‌ನಲ್ಲಿ ಕ್ಯಾನ್ಸಸ್ ಸಿಟಿಗೆ ಸೋತರು.

ಕೋಚ್ ಕೈಲ್ ಶಾನಹನ್ ಮತ್ತು ಜನರಲ್ ಮ್ಯಾನೇಜರ್ ಜಾನ್ ಲಿಂಚ್ ಮಾಡಿದ ಒಂದು ಕೆಲಸ ನನಗೆ ತುಂಬಾ ಇಷ್ಟ. ಮೂರು ಮೊದಲ ಸುತ್ತಿನ ಪಿಕ್ ಸುರಿದಿದ್ದರೂ, 2023ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ನನ್ನು ಒಂದು ನಾಲ್ಕನೇ ಸುತ್ತಿನ ಪಿಕ್‌ಗೆ ಡಲ್ಲಾಸ್‌ಗೆ ಕಳಿಸಿದರು. ಕೊಟ್ಟದ್ದು ಹೋಯಿತು, ಅದನ್ನು ಉಳಿಸಲು ಮತ್ತೆ ಸೀಸನ್ ಕಳೆಯಲಿಲ್ಲ. ಡ್ರಾಫ್ಟ್ ಪಿಕ್ ಕೊಟ್ಟ ಮೇಲೆ ಆಡಿಸಲೇಬೇಕು ಅಂದವರಿಗೆ ನನ್ನ ಉತ್ತರ ಇದೇ.

ಪರ್ಡಿಗೆ 2025ರಲ್ಲಿ 5 ವರ್ಷಕ್ಕೆ 26.5 ಕೋಟಿ ಕೊಟ್ಟದ್ದು ಸರಿಯಾ ಅನ್ನೋದು ಬೇರೆ ಚರ್ಚೆ. ಮೆಕ್ಯಾಫ್ರಿ, ಕಿಟಲ್, ಡೀಬೊ ಸ್ಯಾಮ್ಯುಯೆಲ್ ಥರದ ಜೊತೆಗಾರರು ಇದ್ದರೆ ಯಾರಾದರೂ ಆಡುತ್ತಾರೆ ಅನ್ನುವವರಿದ್ದಾರೆ. 2024ರಲ್ಲಿ ಗಾಯಗಳಾಗಿ ತಂಡ 6-11 ಆದಾಗ ಪರ್ಡಿಯೂ ಕೆಳಗಿಳಿದ: 20 ಟಚ್‌ಡೌನ್, 12 ಇಂಟರ್ಸೆಪ್ಷನ್. ನಾನಾದರೆ ಆ ಕೆಟ್ಟ ವರ್ಷದ ಟೇಪನ್ನೇ ಹೆಚ್ಚು ನೋಡುತ್ತಿದ್ದೆ. ಸಹಾಯ ಕಡಿಮೆಯಾದಾಗಲೂ ಅವನು ಚೆಂಡನ್ನು ಸಮಯಕ್ಕೆ ಬಿಡುತ್ತಿದ್ದ, ಮಧ್ಯದಲ್ಲಿ ಎಸೆಯಲು ಹೆದರಲಿಲ್ಲ. ನಾನೂ ಕೊಡುತ್ತಿದ್ದೆ.

ಇನ್ನೂ ಗೊತ್ತಾಗದಿದ್ದರೆ? ಗ್ರೀನ್ ಬೇ ಪ್ಯಾಕರ್ಸ್ ದಾರಿ ನೋಡಿ. 2020ರಲ್ಲಿ 26ನೇ ಪಿಕ್‌ನಲ್ಲಿ ಜೋರ್ಡನ್ ಲವ್ ಬಂದ. ಮುಂದೆ ಕೂತಿದ್ದ ಏರನ್ ರಾಜರ್ಸ್ ಆಮೇಲೆ ಎರಡು ಸಲ ಎಂವಿಪಿ (ಲೀಗ್‌ನ ವರ್ಷದ ಶ್ರೇಷ್ಠ ಆಟಗಾರ) ಪ್ರಶಸ್ತಿ ಗೆದ್ದ. ಹುಡುಗ ಮೂರು ವರ್ಷ ಕಾದ. 2023ರಲ್ಲಿ ರಾಜರ್ಸ್ ಜೆಟ್ಸ್‌ಗೆ ಹೋದಾಗ ಲವ್ ಹೆಚ್ಚು ಆಡಿರಲೇ ಇಲ್ಲ. ಐದನೇ ವರ್ಷದ ಪೂರ್ತಿ ಗ್ಯಾರಂಟಿ ಕೊಡುವುದು ದುಬಾರಿ, ಏನೂ ಕೊಡದಿದ್ದರೆ ಅವನು ಕೈತಪ್ಪಬಹುದು. ಮಧ್ಯದ ಒಂದು ದಾರಿ ಹಿಡಿದರು: ಕಡಿಮೆ ಗ್ಯಾರಂಟಿ ಇಟ್ಟು ಒಂದೇ ವರ್ಷ ಮುಂದುವರಿಸಿದರು. ಅವನು ಒಂದು ಪೂರ್ತಿ ಸೀಸನ್ ಆಡಿ ತೋರಿಸಿದ. 2024ರ ಜುಲೈನಲ್ಲಿ 4 ವರ್ಷಕ್ಕೆ 22 ಕೋಟಿ. ಇದು ಟ್ಯಾಗ್ ಹಾಕಿ ತಳ್ಳಿದ ಹಾಗಲ್ಲ. ಮುಂದಿನ ನಿರ್ಧಾರ ಯಾವಾಗ, ಏನು ನೋಡಿ ಅಂತ ಇಬ್ಬರಿಗೂ ಮೊದಲೇ ಗೊತ್ತಿತ್ತು.

ಹಾಗಾಗಿ ನೀವು ಯಾವ ತಂಡದ ಬಗ್ಗೆ ಯೋಚಿಸುತ್ತಿದ್ದರೂ ದಿನಾಂಕಗಳನ್ನು ಮೊದಲು ಬರೆದಿಟ್ಟುಕೊಳ್ಳಿ. ಟ್ಯಾಗ್‌ನ ಗಡುವು ಮಾರ್ಚ್ ಮೊದಲಲ್ಲಿ, ಫ್ರೀ ಏಜೆನ್ಸಿ (ಒಪ್ಪಂದ ಮುಗಿದವರು ಬೇರೆ ತಂಡ ಸೇರುವ ಅವಧಿ) ಶುರುವಾಗುವುದು ಮಾರ್ಚ್ ಮಧ್ಯದಲ್ಲಿ, ಐದನೇ ವರ್ಷದ ತೀರ್ಮಾನ ಹುಡುಗನ ಮೂರನೇ ಸೀಸನ್ ಆದ ಮೇಲಿನ ಮೇ ಮೊದಲಲ್ಲಿ. ಹಳಬನ ಒಪ್ಪಂದದಲ್ಲಿ ಒಟ್ಟು ಮೊತ್ತ ನೋಡಬೇಡಿ. ಗ್ಯಾರಂಟಿ ಎಷ್ಟು, ಮೂರನೇ ವರ್ಷ ಬಿಟ್ಟರೆ ಕ್ಯಾಪ್ ಮೇಲೆ ಎಷ್ಟು ಉಳಿಯುತ್ತದೆ, ಅದು ನೋಡಿ. ಇಬ್ಬರೂ ಹೆಚ್ಚುಕಡಿಮೆ ಸಮ ಅನಿಸಿದರೆ ನಾನು ಹುಡುಗನ ಕಡೆ, ಹಳಬನನ್ನು ಬೆಲೆ ಇರುವಾಗಲೇ ಮಾರಬೇಕು. ಹಳಬ ಪಾಕೆಟ್ ಗಟ್ಟಿಯಿದ್ದಾಗ ಎರಡು ಸೀಸನ್ ಚೆನ್ನಾಗಿ ಎಸೆದಿದ್ದು, 30ರ ಒಳಗಿದ್ದರೆ ಅವನಿಗೇ ಕೊಡಿ, ಹುಡುಗನಿಗೆ ಬೇರೆ ತಂಡ ನೋಡಿ.

ನಿಮ್ಮ ಮನಸ್ಸಿನಲ್ಲಿರುವ ಇಬ್ಬರ ಹೆಸರು, ಒಪ್ಪಂದ ಮುಗಿಯುವ ವರ್ಷ ಇಲ್ಲಿ ಹಾಕಿ. ಟೇಪ್ ನೋಡಿ ಮತ್ತೆ ಬರೆಯುತ್ತೇನೆ.