ಮೊದಲು ಕೊಟೇಶನ್, ಆಮೇಲೆ ಲೇಬಲ್

ಪ್ರಶ್ನೆ: ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿದ ನಾನು ಒಂದು ವರ್ಷದಿಂದ ಸ್ವತಂತ್ರವಾಗಿ ಗ್ರಾಫಿಕ್ ಡಿಸೈನ್ ಮಾಡುತ್ತಿದ್ದೇನೆ. ಹೋಮ್‌ಸ್ಟೇಗಳಿಗೆ ಲೋಗೊ, ಕಾಫಿ ಪುಡಿ ಪೊಟ್ಟಣಗಳಿಗೆ ಲೇಬಲ್ ಮಾಡಿಕೊಡುತ್ತೇನೆ. ಎಲ್ಲರೂ ಮೆಚ್ಚುತ್ತಾರೆ, ಆದರೆ ಹತ್ತಾರು ಸಲ ತಿದ್ದಿಸುತ್ತಾರೆ, ಹಣ ಕೇಳಿದರೆ ‘ಕಾಫಿ ಮಾರಿದ ಮೇಲೆ ಕೊಡುತ್ತೇನೆ’ ಎನ್ನುತ್ತಾರೆ. ವ್ಯವಹಾರ ಕಲಿಯುವುದು ಹೇಗೆ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ನಿಮ್ಮ ಪತ್ರದಲ್ಲಿ ದರದ ಮಾತೂ ಇಲ್ಲ, ಕರಾರಿನ ಮಾತೂ ಇಲ್ಲ, ತೊಂದರೆಯ ಬೇರು ಅಲ್ಲೇ ಇದೆ. ಕಾಫಿ ಮಾರಿದ ಮೇಲೆ ಎನ್ನುವವರೆಲ್ಲ ಮೋಸಗಾರರಲ್ಲ. ಅರೇಬಿಕಾ, ರೊಬಸ್ಟಾ ಎರಡರ ಕೊಯ್ಲೂ ನವೆಂಬರ್‌ನಿಂದ ಮಾರ್ಚ್‌ನೊಳಗೆ ಮುಗಿಯುವ ಕೊಡಗಿನಲ್ಲಿ ಬೆಳೆಗಾರರ ಮನೆಯ ಲೆಕ್ಕ ನಡೆಯುವುದೇ ಹಾಗೆ. ಆದರೆ ಆ ಲೆಕ್ಕದಲ್ಲಿ ನೀವು ಸಾಲ ಕೊಟ್ಟವರಾಗಬೇಕಿಲ್ಲ.

ಕಂಪ್ಯೂಟರ್ ತೆರೆಯುವ ಮೊದಲು ಒಂದು ಪುಟದ ಕೊಟೇಶನ್ ಬರೆಯಿರಿ, ಅದೂ ಕನ್ನಡದಲ್ಲಿ. ಎಷ್ಟು ಮಾದರಿ ತೋರಿಸುತ್ತೀರಿ, ಎರಡು ಸಲದ ತಿದ್ದುಪಡಿಯ ನಂತರ ಪ್ರತಿ ಸಲಕ್ಕೆ ಎಷ್ಟು ಹಣ, ಅರ್ಧ ಮುಂಗಡ ಯಾವಾಗ ಎಂಬುದು ಅದರಲ್ಲಿರಲಿ. ಬಾಕಿ ಬರುವವರೆಗೆ ಪ್ರೆಸ್ಸಿಗೆ ಹೋಗುವ ಫೈಲನ್ನು ಕೊಡಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಹಕ್ಕಿನ ವರ್ಗಾವಣೆ ಸಹಿ ಮಾಡಿದ ಬರಹದಲ್ಲಿಯೇ ಆಗಬೇಕಾದ್ದರಿಂದ, ಪೂರ್ತಿ ಹಣ ಸಂದ ಮೇಲೆ ವಿನ್ಯಾಸದ ಹಕ್ಕು ಗ್ರಾಹಕರಿಗೆ ಸೇರುತ್ತದೆ ಎಂಬ ಸಾಲನ್ನೂ ಸೇರಿಸಿ ಇಬ್ಬರೂ ಸಹಿ ಹಾಕಿ. ನೆಂಟರ ಕೆಲಸಕ್ಕೂ ಇದನ್ನು ಬರೆಯಿರಿ; ಬೇಕಿದ್ದರೆ ರಿಯಾಯಿತಿಯನ್ನು ಅಂಕಿಯಲ್ಲೇ ತೋರಿಸಿ.

ದರವನ್ನು ಪಕ್ಕದವರನ್ನು ನೋಡಿ ಇಡಬೇಡಿ. ತಿಂಗಳಿಗೆ ನಿಮಗೆ 30,000 ರೂಪಾಯಿ ಬೇಕೆಂದುಕೊಳ್ಳೋಣ. ಓಡಾಟ, ಫೋನು, ಬಿಲ್ಲು ಬರೆಯುವುದು ಎಂದೆಲ್ಲ ಕಳೆದರೆ ಹಣ ತರುವ ಕೆಲಸಕ್ಕೆ ಸಿಗುವುದು ಸುಮಾರು 15 ದಿನ. ಅಂದರೆ ದಿನಕ್ಕೆ 2,000, ಮೂರು ದಿನ ಹಿಡಿಯುವ ಲೇಬಲ್‌ಗೆ 6,000. ಹೆಚ್ಚಾಯಿತು ಎಂದವರಿಗೆ ಕೆಲಸ ಕಡಿಮೆ ಮಾಡಿಕೊಡಿ, ದಿನದ ದರವನ್ನು ಇಳಿಸಬೇಡಿ.

ಆ ದರಕ್ಕೆ ತಕ್ಕ ತಿಳಿವಳಿಕೆಯೂ ನಿಮ್ಮಲ್ಲಿರಬೇಕು. ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ, ನಿವ್ವಳ ತೂಕ, ಎಂಆರ್‌ಪಿ, ತಯಾರಕರ ವಿಳಾಸ ಇವೆಯೇ ಎಂದು ಅಚ್ಚಿಗೆ ಮುನ್ನ ಕೇಳುವ ಡಿಸೈನರ್, ಸಾವಿರಾರು ಲೇಬಲ್‌ಗಳು ರದ್ದಿಗೆ ಹೋಗುವುದನ್ನು ತಪ್ಪಿಸುತ್ತಾರೆ. ಚೆಂದದ ಅಕ್ಷರಕ್ಕಿಂತ ಇದಕ್ಕೇ ಗ್ರಾಹಕರು ಮತ್ತೆ ಬರುತ್ತಾರೆಂದು ನನ್ನ ಎಣಿಕೆ.

ಸಣ್ಣ ಉದ್ದಿಮೆಗಳಿಗೆಂದು ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಉಚಿತ, ಮಾಡಿಸಿಡಿ. ನೋಂದಾಯಿತ ಕಿರು ಉದ್ದಿಮೆಗೆ 45 ದಿನದೊಳಗೆ ಹಣ ಸಲ್ಲಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಪರಿಚಯದವರ ಮೇಲೆ ಅದನ್ನು ಝಳಪಿಸುವುದು ಸಣ್ಣ ಊರಿನಲ್ಲಿ ಜಾಣತನವಲ್ಲ, ಆದರೆ ದೂರದ ಕಂಪನಿಗಳ ಬಿಲ್ಲಿನಲ್ಲಿ ನೋಂದಣಿ ಸಂಖ್ಯೆ ಕಾಣಿಸಲಿ. ಅಂಥ ಗ್ರಾಹಕರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಡುವನ್ನು ನಾಲ್ಕು ದಿನ ಹೆಚ್ಚಿಗೆ ಇಟ್ಟೇ ಹೇಳಿ. ಮಳೆಗೆ ಕರೆಂಟು ಹೋಯಿತೆಂಬ ಕಾರಣವನ್ನು ಅವರು ಎರಡನೆಯ ಸಲ ಕೇಳಿಸಿಕೊಳ್ಳುವುದಿಲ್ಲ.