ಸಾಫ್ಟಿ ಹುಟ್ಟಿದ್ದು ಯಂತ್ರದ ಬಾಯಲ್ಲಿ: ಮಾಟುಂಗಾದ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಬೇಸಿಗೆಯ ತಿನಿಸುಗಳನ್ನು ಕುರಿತ ನಮ್ಮ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಸಾಫ್ಟಿ ಐಸ್‌ಕ್ರೀಮನ್ನು ಕಂಡುಹಿಡಿದವರು ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಎಂಬ ಸಂಗತಿಯನ್ನು ಲೇಖನ ಬಿಟ್ಟುಬಿಟ್ಟಿದೆ ಎಂದು ತಾವು ಆಕ್ಷೇಪಿಸಿದ್ದೀರಿ. ಮೊಮ್ಮಗಳಿಗೆಂದು ಕಪ್ಪಿನಲ್ಲಿ ಮನೆಗೆ ತಂದು ಫ್ರೀಜರಿನಲ್ಲಿಟ್ಟ ಸಾಫ್ಟಿ ಮರುದಿನ ಕಲ್ಲಿನಂತಾದದ್ದೇಕೆ ಎಂದೂ ಕೇಳಿದ್ದೀರಿ. ಎರಡಕ್ಕೂ ಉತ್ತರ ಆ ಯಂತ್ರದೊಳಗೇ ಇರುವುದರಿಂದ ತುಸು ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಥ್ಯಾಚರ್ ಆಕ್ಸ್‌ಫರ್ಡಿನಲ್ಲಿ ರಸಾಯನಶಾಸ್ತ್ರ ಓದಿದ್ದು ನಿಜ. 1949ರಿಂದ 1951ರವರೆಗೆ, ಐಸ್‌ಕ್ರೀಮನ್ನೂ ತಯಾರಿಸುತ್ತಿದ್ದ ಲಂಡನ್ನಿನ ಜೆ. ಲಯನ್ಸ್ ಕಂಪನಿಯಲ್ಲಿ ಆಹಾರ ರಸಾಯನಜ್ಞೆಯಾಗಿ ದುಡಿದದ್ದೂ ನಿಜ. ಕಥೆ ಹುಟ್ಟಿದ್ದು ಅಲ್ಲಿಂದಲೇ. ಆದರೆ ಅವರು ಆ ಕೆಲಸಕ್ಕೆ ಸೇರುವ ಹೊತ್ತಿಗೆ ಅಮೆರಿಕದಲ್ಲಿ ಸಾಫ್ಟಿಯ ವ್ಯಾಪಾರ ಆರಂಭವಾಗಿ ಹತ್ತು ವರ್ಷಗಳೇ ಕಳೆದಿದ್ದವು. ಕಂಡುಹಿಡಿದ ಹೆಸರು ಅವರಿಗೆ ಸಲ್ಲದು. ಯಂತ್ರಗಳೊಡನೆ ವರ್ಷಗಟ್ಟಲೆ ಹೆಣಗಿದ ಸಣ್ಣ ವ್ಯಾಪಾರಿಗಳಿಗೆ ಸಲ್ಲಬೇಕು ಎಂಬುದೇ ನನ್ನ ಅಭಿಪ್ರಾಯ.

1919ರಲ್ಲಿ ಕೋರ್ ಸಹೋದರರು ನ್ಯೂಯಾರ್ಕಿನ ಕೋನಿ ಐಲೆಂಡ್ ಕಡಲತೀರದಲ್ಲಿ, ಮೊಟ್ಟೆಯ ಹಳದಿ ಸೇರಿಸಿ ಹೆಪ್ಪುಗಟ್ಟಿಸಿದ ಮೆದುವಾದ ಕಸ್ಟರ್ಡನ್ನು ಯಂತ್ರದಿಂದ ತೆಗೆದು ಮಾರಿದರು. 1926ರಲ್ಲಿ ಬಫಲೋ ನಗರದ ಚಾರ್ಲ್ಸ್ ಟೇಲರ್ ತಮ್ಮ ಸ್ವಯಂಚಾಲಿತ ಐಸ್‌ಕ್ರೀಮ್ ಯಂತ್ರಕ್ಕೆ ಪೇಟೆಂಟ್ ಪಡೆದರು. 1934ರಲ್ಲಿ ಟಾಮ್ ಕಾರ್ವೆಲ್ ಎಂಬವರ ಐಸ್‌ಕ್ರೀಮ್ ವಾಹನದ ಟೈರು ನ್ಯೂಯಾರ್ಕ್ ರಾಜ್ಯದ ಹಾರ್ಟ್ಸ್‌ಡೇಲಿನಲ್ಲಿ ಪಂಕ್ಚರ್ ಆಗಿ, ಕರಗುತ್ತಿದ್ದ ಸರಕನ್ನು ಅಲ್ಲಿಯೇ ಮಾರಿದಾಗ ಜನ ಅದನ್ನೇ ಮೆಚ್ಚಿಕೊಂಡರಂತೆ.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ್ದು ಇಲಿನಾಯ್ ರಾಜ್ಯದ ಮೆಕಲೋ ತಂದೆ-ಮಗನ ಸಂಗತಿ. ಅವರು ಐಸ್‌ಕ್ರೀಮ್ ತಯಾರಕರು. ಕಡೆಯುವ ಯಂತ್ರದಿಂದ ಸುಮಾರು ಮೈನಸ್ 5 ಡಿಗ್ರಿಯಲ್ಲಿ ಮೆದುವಾಗಿ ಹೊರಬರುವ ಐಸ್‌ಕ್ರೀಮನ್ನು ಆಮೇಲೆ ಇನ್ನೂ ತಣ್ಣಗಿನ ಕೋಣೆಯಲ್ಲಿಟ್ಟು ಗಟ್ಟಿಗೊಳಿಸುತ್ತಿದ್ದುದು ಸಾಗಾಟದ ಅನುಕೂಲಕ್ಕಾಗಿಯೇ ಹೊರತು ರುಚಿಗಾಗಿ ಅಲ್ಲ ಎಂಬುದನ್ನು ಅವರು ಗಮನಿಸಿದರು. ಅತಿಯಾದ ತಂಪು ನಾಲಿಗೆಯನ್ನು ಮರಗಟ್ಟಿಸುತ್ತದೆ ಎಂದು ತಂದೆ ನಂಬಿದ್ದರು. 1938ರ ಆಗಸ್ಟ್ 4ರಂದು ಕ್ಯಾಂಕಕೀ ಪಟ್ಟಣದ ಗೆಳೆಯರೊಬ್ಬರ ಅಂಗಡಿಯಲ್ಲಿ, 10 ಸೆಂಟಿಗೆ ಬೇಕಾದಷ್ಟು ತಿನ್ನಬಹುದೆಂದು ಸಾರಿ, ಗಟ್ಟಿಗೊಳಿಸದ ಆ ಐಸ್‌ಕ್ರೀಮನ್ನು ಬಡಿಸಿ ನೋಡಿದರು. ಎರಡು ಗಂಟೆಗಳಲ್ಲಿ 1,600ಕ್ಕೂ ಹೆಚ್ಚು ಬಾರಿ ಬಡಿಸಬೇಕಾಯಿತು. ರುಚಿ ಗೆದ್ದಿತ್ತು, ಆದರೆ ಹಾಗೆ ದಿನವಿಡೀ ಕೊಡಬಲ್ಲ ಯಂತ್ರ ಅವರಲ್ಲಿರಲಿಲ್ಲ. ನಿರಂತರವಾಗಿ ಹೆಪ್ಪುಗಟ್ಟಿಸುವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ ಹ್ಯಾರಿ ಓಲ್ಟ್ಜ್ ಅವರೊಡನೆ ಒಪ್ಪಂದವಾದ ಮೇಲೆ, 1940ರಲ್ಲಿ ಅದೇ ರಾಜ್ಯದ ಜೋಲಿಯೆಟ್‌ನಲ್ಲಿ, ಸಾಫ್ಟಿ ಮಾರುವ ಡೇರಿ ಕ್ವೀನ್ ಮಳಿಗೆಗಳ ಪೈಕಿ ಮೊದಲನೆಯದು ತೆರೆಯಿತು.

ಇನ್ನು ತಮ್ಮ ಎರಡನೆಯ ಪ್ರಶ್ನೆ. ಯಂತ್ರದ ಮೇಲ್ಭಾಗದ ತೊಟ್ಟಿಯಲ್ಲಿ ಹಾಲಿನ ಮಿಶ್ರಣ ಸುಮಾರು 4 ಡಿಗ್ರಿಯಲ್ಲಿರುತ್ತದೆ. ಅಲ್ಲಿಂದ ಅದು ಗಾಳಿಯೊಡನೆ ಕೆಳಗಿನ ಕೊಳವೆಗೆ ಇಳಿಯುತ್ತದೆ. ಕೊಳವೆಯ ಗೋಡೆ ಹೊರಗಿನಿಂದ ತಣ್ಣಗಾಗುತ್ತಿರುತ್ತದೆ. ಒಳಗೆ ನಮ್ಮ ಕಡೆಗೋಲಿನಂತೆ ತಿರುಗುವ ಅಲಗುಗಳು ಗೋಡೆಗೆ ಅಂಟಿದ ಹಿಮದ ಪದರವನ್ನು ದಪ್ಪವಾಗಲು ಬಿಡದೆ ಕೆರೆಯುತ್ತ, ಅದೇ ಹೊತ್ತಿಗೆ ಗಾಳಿಯನ್ನೂ ಬೆರೆಸುತ್ತವೆ. ಹಿಮದ ಹರಳುಗಳು ನಾಲಿಗೆಗೆ ತಿಳಿಯದಷ್ಟು ಸಣ್ಣದಾಗಿ ಉಳಿಯುವುದು ಈ ಕೆರೆಯುವಿಕೆಯಿಂದಲೇ. ಹಿಡಿಯನ್ನೆಳೆದಾಗ ಮೈನಸ್ 6 ಡಿಗ್ರಿಯ ಆಸುಪಾಸಿನಲ್ಲಿ ಹೊರಬರುವ ಸಾಫ್ಟಿಯಲ್ಲಿ ಸುಮಾರು ಅರ್ಧದಷ್ಟು ನೀರು ಇನ್ನೂ ಹೆಪ್ಪುಗಟ್ಟಿರುವುದಿಲ್ಲ. ಅದರ ಮೆದುತನದ ಗುಟ್ಟು ಅದೇ. ಮನೆಯ ಫ್ರೀಜರ್ ಮೈನಸ್ 18 ಡಿಗ್ರಿಯವರೆಗೂ ಇಳಿಯುತ್ತದೆ, ಅಲ್ಲಿ ಕಡೆಯುವ ಅಲಗಿಲ್ಲ. ಉಳಿದ ನೀರು ನಿಧಾನವಾಗಿ, ದೊಡ್ಡ ಹರಳುಗಳಾಗಿ ಹೆಪ್ಪುಗಟ್ಟುತ್ತದೆ. ಹೀಗಾಗಿ ತಮ್ಮ ಮೊಮ್ಮಗಳ ಕಪ್ಪಿನಲ್ಲಿದ್ದುದು ಕಲ್ಲಾಯಿತು. ಅಂಗಡಿಯವರ ತಪ್ಪೂ ಇಲ್ಲ, ತಮ್ಮದೂ ಇಲ್ಲ.

ಮುಂಬಯಿಯವರಾಗಿ ನಾವು ಗಮನಿಸಬೇಕಾದ ಮಾತೊಂದಿದೆ. ಕೊಳವೆಯಿಂದ ಹೀರಿದ ಶಾಖವನ್ನು ಈ ಯಂತ್ರ ಎಲ್ಲಾದರೂ ಹೊರಹಾಕಲೇಬೇಕು. ಮೇ ತಿಂಗಳಲ್ಲಿ ಇಕ್ಕಟ್ಟಾದ ಮಳಿಗೆಯ ಗೋಡೆಗೆ ಒತ್ತಿ ಅದನ್ನು ನಿಲ್ಲಿಸಿದರೆ ಗಾಳಿಯಾಡದೆ ಏದುತ್ತದೆ, ಸಾಫ್ಟಿ ಕೋನಿನಲ್ಲಿ ನಿಲ್ಲದೆ ಜಾರುತ್ತದೆ. ಶುಚಿತ್ವದ ವಿಷಯ ಅದಕ್ಕಿಂತ ಮುಖ್ಯವಾದದ್ದು. ಹಾಲಿನ ಮಿಶ್ರಣ ತಂಗುವ ಕೊಳವೆ, ಅಲಗು, ರಬ್ಬರ್ ಬಳೆಗಳನ್ನು ಬಿಚ್ಚಿ ತೊಳೆಯದಿದ್ದರೆ ಅಲ್ಲಿ ರೋಗಾಣುಗಳು ಬೆಳೆಯುತ್ತವೆ. ರಾತ್ರಿ ಮಿಶ್ರಣವನ್ನು ತಾನೇ ಬಿಸಿಮಾಡಿ ಮತ್ತೆ ತಣಿಸುವ ಯಂತ್ರಗಳು ಬಂದಿವೆಯಾದರೂ ಅವನ್ನೂ ನಿಗದಿತ ದಿನಕ್ಕೆ ಬಿಚ್ಚಿ ತೊಳೆಯಲೇಬೇಕು. ಉಪನಗರದ ಅಂಗಡಿಯೊಂದರಲ್ಲಿ ಹುಳಿವಾಸನೆಯ ಕೋನನ್ನು ನಾನೇ ಹಿಂದಿರುಗಿಸಿದ್ದೇನೆ. ಮುಂದಿನ ಬಾರಿ ಮೊಮ್ಮಗಳೊಡನೆ ಹೋದಾಗ ಮೊದಲು ಯಂತ್ರದ ಮೂತಿಯನ್ನು ನೋಡಿ. ಅಲ್ಲಿ ಒಣಗಿದ ಹಾಲಿನ ಕಲೆಗಳಿದ್ದರೆ ಬೇರೆ ಅಂಗಡಿಗೆ ನಡೆಯಿರಿ, ಶುಚಿಯಾಗಿದ್ದರೆ ಕೊಂಡು ಅಲ್ಲಿಯೇ ನಿಂತು ತಿನ್ನಿರಿ.

- ಸಂಪಾದಕ