ನಿಮ್ಮ ಹತ್ತಿ ಬೀಜ ಬಂಜೆಯಲ್ಲ, ತಂಗಿ

ಶಹಾಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ನಾಲ್ಕು ಪುಟದ ಪತ್ರ ಬಂದಿದೆ. ಹೆಸರು ಹಾಕುವುದು ಬೇಡ ಎಂದು ಕೇಳಿಕೊಂಡಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ಸಂಪಾದಕರಿಗೆ ಶರಣು. ನಮ್ಮ ಹೊಲದಲ್ಲಿ ಅರ್ಧ ತೊಗರಿ, ಅರ್ಧ ಹತ್ತಿ. ತೊಗರಿ ಬೀಜ ನಮ್ಮ ಅತ್ತೆಯವರೇ ಎತ್ತಿಡುತ್ತಾರೆ. ವರ್ಷಾ ವರ್ಷಾ ಅದೇ ತೊಗರಿ ಬರುತ್ತದೆ. ಹೋದ ವರ್ಷ ಹತ್ತಿ ಬೀಜದ ಪಾಕೀಟಿಗೆ ರೊಕ್ಕ ಸಾಲಲಿಲ್ಲ. ಮನೆಯ ಹತ್ತಿಯಿಂದಲೇ ಕಾಳು ತೆಗೆದು ಒಂದು ಎಕರೆಗೆ ಹಾಕಿದೆವು. ಗಿಡ ಬಂದವು. ಆದರೆ ಒಂದು ಎತ್ತರ, ಒಂದು ಗಿಡ್ಡ. ಕೆಲವಕ್ಕೆ ಕಾಯಿ ತುಂಬ, ಕೆಲವಕ್ಕೆ ಇಲ್ಲವೇ ಇಲ್ಲ. ಹುಳವೂ ಬಿತ್ತು. ಊರಲ್ಲಿ ಎಲ್ಲರೂ 'ಕಂಪನಿಯವರು ಬೀಜ ಬಂಜೆ ಮಾಡಿರ್ತಾರ' ಅಂದರು. ಪಾಕೀಟಿನ ಹತ್ತಿಗೂ ಈಗ ಕಾಯಿಯೊಳಗೆ ಗುಲಾಬಿ ಹುಳ ಬರುತ್ತಿದೆ, ಯಾಕೆ? ಹತ್ತನೇ ತರಗತಿಯ ಮಗಳು 'ಅವ್ವಾ, ಅದರಾಗ ಬ್ಯಾಕ್ಟೀರಿಯಾದ ಜೀನ್ ಅದ' ಅಂತಾಳೆ. ಅದನ್ನು ಕೇಳಿದಾಗಿನಿಂದ ಅತ್ತೆ ಎಮ್ಮೆಗೆ ಹತ್ತಿಕಾಳು ಹಾಕುವುದನ್ನೇ ನಿಲ್ಲಿಸಿದ್ದಾರೆ. ಹಾಲಿಗೆ ಬಂದು ಮಕ್ಕಳಿಗೆ ಏನಾದರೂ ಆದೀತು ಅಂತ ಅವರ ಹೆದರಿಕೆ. ತಂಗಿ ಕೇಳುತ್ತಿದ್ದಾಳೆ ಎಂದು ತಿಳಿದು ಬಿಡಿಸಿ ಬರೆಯಿರಿ."

ತಂಗೀ, ಶರಣಾರ್ಥಿ.

ನಿಮ್ಮ ಬೀಜ ಬಂಜೆಯಲ್ಲ. ಬಂಜೆಯಾಗಿದ್ದರೆ ಮೊಳಕೆಯೇ ಒಡೆಯುತ್ತಿರಲಿಲ್ಲ. ನಿಮ್ಮದು ಮೊಳೆತಿದೆ, ಹೂ ಬಿಟ್ಟಿದೆ, ಕೆಲವು ಗಿಡ ಕಾಯಿಯನ್ನೂ ಕೊಟ್ಟಿವೆ. ಆ ಪದವೇ ನನಗೆ ಸೇರುವುದಿಲ್ಲ. ಹೆಣ್ಣುಮಕ್ಕಳಿಗೆ ಅದರಿಂದ ಆಗಿರುವ ನೋವು ಸಾಕು, ಬೀಜಕ್ಕೂ ಯಾಕೆ?

ಆದರೂ ಊರಿನವರು ಸುಮ್ನೆ ಹೇಳಿದ್ದಲ್ಲ. 1998ರಲ್ಲಿ ಅಮೆರಿಕದಲ್ಲಿ ಒಂದು ತಂತ್ರಜ್ಞಾನಕ್ಕೆ ಪೇಟೆಂಟ್ ಸಿಕ್ಕಿತು. ಬೆಳೆಯಿಂದ ಎತ್ತಿಟ್ಟ ಬೀಜ ಮತ್ತೆ ಮೊಳೆಯದಂತೆ ಮಾಡುವ ತಂತ್ರ ಅದು. ಜನ ಅದಕ್ಕೆ 'ಟರ್ಮಿನೇಟರ್' ಎಂದು ಹೆಸರಿಟ್ಟರು. ಅದೇ ವರ್ಷ ನವೆಂಬರ್‌ನಲ್ಲಿ ನಿಮ್ಮ ಪಕ್ಕದ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ, ಅಂದರೆ ಹುಳ ಕೊಲ್ಲುವ ಜೀನ್ ಸೇರಿಸಿದ ಹತ್ತಿಯ, ಪ್ರಯೋಗದ ಬೆಳೆಯನ್ನು ರೈತ ಸಂಘದವರು ಕಿತ್ತು ಸುಟ್ಟರು. ಎರಡು ಸುದ್ದಿಯೂ ಒಟ್ಟಿಗೆ ಹಬ್ಬಿದವು. ಹೀಗೆ ಬಿಟಿ ಎಂದರೆ ಮೊಳೆಯದ ಬೀಜ ಎಂಬ ಮಾತು ನಮ್ಮ ಕಡೆ ಬೇರು ಬಿಟ್ಟಿತು. ನಿಜವಾಗಿ ಆ ಟರ್ಮಿನೇಟರ್ ಬೀಜ ಯಾವ ದೇಶದಲ್ಲೂ ಮಾರಾಟಕ್ಕೆ ಬರಲಿಲ್ಲ. ನಮ್ಮ ದೇಶದ 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆ ಅಂಥ ತಳಿಯನ್ನು ನೋಂದಣಿ ಮಾಡಲು ಬಿಡುವುದಿಲ್ಲ. ಬೆಳೆದ ಬೀಜವನ್ನು ಎತ್ತಿಡುವ, ಬಿತ್ತುವ, ನೆರೆಯವರೊಡನೆ ಹಂಚಿಕೊಳ್ಳುವ ಹಕ್ಕನ್ನು ಅದೇ ಕಾಯ್ದೆ ನಿಮಗೆ ಕೊಟ್ಟಿದೆ. ಬ್ರಾಂಡ್ ಹೆಸರು ಹಾಕಿ ಮಾರಬಾರದು, ಅಷ್ಟೇ. ನೀವು ಕಾಳು ಎತ್ತಿಟ್ಟು ಬಿತ್ತಿದ್ದು ತಪ್ಪಲ್ಲ.

ಹಾಗಾದರೆ ಬೆಳೆ ಯಾಕೆ ಹಾಗೆ ಒಂದೊಂದು ಒಂದೊಂದು ಥರ ಬಂತು? ಇಲ್ಲಿ ಎರಡು ಬೇರೆ ಬೇರೆ ವಿಷಯ ಕೂಡಿಕೊಂಡಿವೆ. ಒಂದು ಹೈಬ್ರಿಡ್, ಇನ್ನೊಂದು ಬಿಟಿ. ನಿಮ್ಮ ಪಾಕೀಟಿನ ಬೀಜ ಎರಡೂ ಆಗಿತ್ತು.

ಹೈಬ್ರಿಡ್ ಹೊಸದಲ್ಲ. ನಿಮ್ಮ ಮಾವನವರನ್ನು ಕೇಳಿ ನೋಡಿ, ವರಲಕ್ಷ್ಮಿ ಹತ್ತಿಯ ನೆನಪು ಇದ್ದೀತು. ಅದು 1972ರಲ್ಲಿ ಧಾರವಾಡದಿಂದ ಬಂದ ಹೈಬ್ರಿಡ್. ಬಿಟಿ ಬರುವುದಕ್ಕೆ ಮೂವತ್ತು ವರ್ಷ ಮೊದಲಿನದು. ಅದರ ಬೀಜ ಎತ್ತಿಟ್ಟು ಬಿತ್ತಿದವರಿಗೂ ನಿಮಗೆ ಆದದ್ದೇ ಆಗುತ್ತಿತ್ತು. ಹೈಬ್ರಿಡ್ ಎಂದರೆ ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿ ಪಡೆದ ಮೊದಲ ತಲೆಮಾರು. ಒಂದು ತಳಿಯ ಹೂವಿನ ಗಂಡು ಭಾಗವನ್ನು ಕೈಯಿಂದ ಕಿತ್ತು, ಇನ್ನೊಂದು ತಳಿಯ ಪರಾಗವನ್ನು ಸವರುತ್ತಾರೆ. ಪಾಕೀಟಿನ ಎಲ್ಲ ಬೀಜಕ್ಕೂ ಅಪ್ಪನ ತಳಿ ಒಂದೇ, ಅವ್ವನ ತಳಿ ಒಂದೇ. ಅದಕ್ಕೇ ಗಿಡಗಳೆಲ್ಲ ಸಾಲಾಗಿ ಒಂದೇ ಎತ್ತರ ಬರುತ್ತವೆ. ಮುಂದಿನ ತಲೆಮಾರಿನಲ್ಲಿ ಈ ಒಗ್ಗಟ್ಟು ಒಡೆಯುತ್ತದೆ.

ಯಾಕೆ ಒಡೆಯುತ್ತದೆ ಅನ್ನುವುದು ನಿಮ್ಮ ಮಗಳ ಪುಸ್ತಕದಲ್ಲೇ ಇದೆ. ಮೆಂಡೆಲ್ ಎಂಬ ಪಾದ್ರಿ ಇಂದಿನ ಚೆಕ್ ದೇಶದ ಬ್ರನೋ ಊರಿನ ಮಠದಲ್ಲಿದ್ದರು. ಮಠದ ತೋಟದಲ್ಲಿ ವರ್ಷಗಟ್ಟಲೆ ಬಟಾಣಿ ಬೆಳೆದರು. ದುಂಡು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಕೂಡಿಸಿದರು. ಮೊದಲ ತಲೆಮಾರಿನಲ್ಲಿ ಎಲ್ಲವೂ ದುಂಡು. ಸುಕ್ಕು ಕಾಳು ಎಲ್ಲಿ ಹೋಯಿತು? ಎಲ್ಲೂ ಹೋಗಿರಲಿಲ್ಲ. ಆ ಗಿಡಗಳಿಂದ ಬಂದ 7324 ಕಾಳನ್ನು ಒಂದೊಂದಾಗಿ ಎಣಿಸಿದರು: 5474 ದುಂಡು, 1850 ಸುಕ್ಕು. ಹೆಚ್ಚು ಕಡಿಮೆ ಮೂರಕ್ಕೆ ಒಂದು. 1866ರಲ್ಲಿ ಇದನ್ನು ಅಚ್ಚು ಹಾಕಿಸಿದರು. ಜಗತ್ತು ಗಮನ ಕೊಟ್ಟಿದ್ದು 1900ರಲ್ಲಿ. ಅಷ್ಟೊತ್ತಿಗೆ ಅವರು ತೀರಿಕೊಂಡು 16 ವರ್ಷವಾಗಿತ್ತು. ಕಾಳು ಎಣಿಸುತ್ತಾ ಕೂತ ಆ ಮನುಷ್ಯನನ್ನು ನೆನೆದಾಗಲೆಲ್ಲ ನನಗೆ ಮೊರದ ಮುಂದೆ ಕೂತ ನಮ್ಮ ಹೆಣ್ಣುಮಕ್ಕಳ ನೆನಪಾಗುತ್ತದೆ.

ಲೆಕ್ಕ ಸರಳ. ಪ್ರತಿ ಗುಣಕ್ಕೂ ಗಿಡದಲ್ಲಿ ಎರಡು ಚೀಟಿ ಇರುತ್ತವೆ, ಅಪ್ಪನಿಂದ ಒಂದು, ಅವ್ವನಿಂದ ಒಂದು. ಆ ಚೀಟಿಯೇ ಜೀನ್. ಮಕ್ಕಳಿಗೆ ದಾಟುವಾಗ ಎರಡರಲ್ಲಿ ಒಂದು ಮಾತ್ರ ಹೋಗುತ್ತದೆ. ಯಾವುದು ಹೋಗುತ್ತದೆ ಅನ್ನುವುದು ಚೀಟಿ ಎತ್ತಿದ ಹಾಗೆ. ಹೈಬ್ರಿಡ್ ಗಿಡದಲ್ಲಿ ಎರಡು ಚೀಟಿಯೂ ಬೇರೆ ಬೇರೆ. ಹಾಗಾಗಿ ಅದರ ಕಾಳಿನಲ್ಲಿ ಎಲ್ಲ ಥರದ ಜೋಡಿಯೂ ಆಗುತ್ತದೆ. ಎತ್ತರ, ಕಾಯಿ, ಎಳೆಯ ಉದ್ದ ಇವಕ್ಕೆಲ್ಲ ಒಂದಲ್ಲ, ಹಲವು ಜೀನ್ ಬೇಕು. ಎಲ್ಲವೂ ಒಟ್ಟಿಗೆ ಕಲೆಸಿದರೆ ನಿಮ್ಮ ಆ ಒಂದು ಎಕರೆ ಆಗುತ್ತದೆ. ಕಂಪನಿ ಬೀಜದೊಳಗೆ ಏನನ್ನೂ ಅಡಗಿಸಿಟ್ಟಿರಲಿಲ್ಲ. ಆದರೆ ಹೈಬ್ರಿಡ್ ಮಾರಿದರೆ ರೈತ ಪ್ರತಿ ವರ್ಷ ಅಂಗಡಿಗೆ ಬರಲೇಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನೂ ಹೇಳದಿದ್ದರೆ ನನ್ನ ಉತ್ತರ ಅರ್ಧ ಆಗುತ್ತದೆ.

ಈಗ ಬಿಟಿ. ಇದು ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ಹೆಸರಿನ ಎರಡು ಅಕ್ಷರ: ಬ್ಯಾಸಿಲಸ್ ಥುರಿಂಜಿಯೆನ್ಸಿಸ್. ಕೆಲವು ಮರಿಹುಳುಗಳನ್ನು ಕೊಲ್ಲುವ ಪ್ರೋಟೀನನ್ನು ಅದು ತಯಾರಿಸುತ್ತದೆ. ಆ ಪ್ರೋಟೀನಿನ ಚೀಟಿಯನ್ನು ಹತ್ತಿಗೆ ಸೇರಿಸಿದ್ದಾರೆ. ಮೊದಲು ಸೇರಿಸಿದ್ದು ಕೋಕರ್ 312 ಎಂಬ ಅಮೆರಿಕದ ತಳಿಗೆ. ಆಮೇಲೆ ಅದನ್ನು ನಮ್ಮ ತಳಿಗಳೊಂದಿಗೆ ಕೂಡಿಸಿದರು. ಬ್ಯಾಕ್ಟೀರಿಯಾದ ಮಾತು ಹತ್ತಿಗೆ ಹೇಗೆ ಅರ್ಥವಾಯಿತು ಅಂತ ಮಗಳು ಕೇಳಿದರೆ ಹೀಗೆ ಹೇಳಿ: ಬೀದರಿನವರೊಬ್ಬರು ಕನ್ನಡದಲ್ಲಿ ಬರೆದುಕೊಟ್ಟ ಅಡುಗೆಯನ್ನು ನೀವು ಶಹಾಪುರದಲ್ಲಿ ಓದಿ ಮಾಡಬಹುದು, ಅಲ್ವಾ? ಅಕ್ಷರ ಒಂದೇ. ಬ್ಯಾಕ್ಟೀರಿಯಾ, ಹತ್ತಿ, ಎಮ್ಮೆ, ಮನುಷ್ಯ, ಎಲ್ಲರ ಡಿಎನ್‌ಎಯಲ್ಲೂ ಇರುವುದು ಅದೇ ನಾಲ್ಕು ಅಕ್ಷರ. ಆ ಅಕ್ಷರಗಳನ್ನು ಓದುವ ಬಗೆಯನ್ನು ಬಿಡಿಸಿದವರಲ್ಲಿ ದೇಶ ಇಬ್ಭಾಗವಾಗುವ ಮೊದಲಿನ ಭಾರತದಲ್ಲಿ ಹುಟ್ಟಿದ ಹರಗೋಬಿಂದ ಖೊರಾನಾ ಒಬ್ಬರು. 1968ರಲ್ಲಿ ನೊಬೆಲ್ ಪಡೆದರು.

ನಮ್ಮಲ್ಲಿ ಬಿಟಿ ಹತ್ತಿಗೆ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಎರಡು ಬಿಟಿ ಜೀನ್ ಇರುವ ಹತ್ತಿ 2006ರಲ್ಲಿ ಬಂತು. ಮೊದಮೊದಲು ಹುಳ ನಿಜವಾಗಿಯೂ ಕಡಿಮೆಯಾಯಿತು. ಆಮೇಲೆ ಗುಲಾಬಿ ಕಾಯಿಕೊರಕ ತಿರುಗಿ ಬಂತು. ಯಾಕೆ ಅನ್ನುವುದಕ್ಕೂ ಮೆಂಡೆಲ್ ಲೆಕ್ಕವೇ ಉತ್ತರ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಹೈಬ್ರಿಡ್ ಗಿಡಕ್ಕೆ ಬಿಟಿ ಚೀಟಿ ಸಾಮಾನ್ಯವಾಗಿ ಒಂದು ಕಡೆಯಿಂದ ಮಾತ್ರ ಬಂದಿರುತ್ತದೆ. ಗಿಡಕ್ಕೆ ಅದು ಸಾಕು. ಎಲೆ, ಕಾಂಡ, ಕಾಯಿಯ ಸಿಪ್ಪೆ ಎಲ್ಲದರಲ್ಲೂ ವಿಷ ಇರುತ್ತದೆ. ಆದರೆ ಕಾಯಿಯೊಳಗಿನ ಕಾಳು ಮುಂದಿನ ತಲೆಮಾರು. ಅಲ್ಲಿ ಚೀಟಿ ಎತ್ತುವ ಆಟ ಆಗಲೇ ಮುಗಿದಿರುತ್ತದೆ. ಒಂದು ಜೀನ್ ತೆಗೆದುಕೊಂಡರೆ ನಾಲ್ಕು ಕಾಳಿನಲ್ಲಿ ಒಂದಕ್ಕೆ ಅದು ಸಿಕ್ಕಿರುವುದಿಲ್ಲ. ಎರಡು ಜೀನ್ ಇದ್ದರೆ ಹದಿನಾರರಲ್ಲಿ ಒಂದು ಕಾಳಿನಲ್ಲಿ ಎರಡೂ ಇರುವುದಿಲ್ಲ, ಇನ್ನು ಆರು ಕಾಳಿನಲ್ಲಿ ಎರಡರ ಪೈಕಿ ಒಂದು ಜೀನ್ ಮಾತ್ರ ಇರುತ್ತದೆ. ಗುಲಾಬಿ ಹುಳ ತಿನ್ನುವುದು ಏನನ್ನು? ಆ ಕಾಳನ್ನೇ. ಒಂದೇ ಕಾಯಿಯಲ್ಲಿ ಅದಕ್ಕೆ ವಿಷವಿಲ್ಲದ ಕಾಳೂ ಸಿಗುತ್ತದೆ, ಅರ್ಧ ವಿಷದ ಕಾಳೂ ಸಿಗುತ್ತದೆ. ಸಾಯದೆ, ಮೆಲ್ಲಗೆ ತಾಳಿಕೊಳ್ಳುವ ಹುಳ ಉಳಿಯುತ್ತದೆ. ನಿಮ್ಮ ಮನೆಯ ಕಾಳಿನ ಬೆಳೆಗೆ ಹುಳ ಬಿದ್ದದ್ದೂ ಇದಕ್ಕೇ. ಕೆಲವು ಗಿಡಗಳಲ್ಲಿ ಬಿಟಿ ಜೀನೇ ಇರಲಿಲ್ಲ.

ಅಮೆರಿಕ, ಆಸ್ಟ್ರೇಲಿಯಾದಲ್ಲಿ ಬಿಟಿ ಹತ್ತಿ ಹೈಬ್ರಿಡ್ ಅಲ್ಲ, ತಲೆಮಾರಿಂದ ತಲೆಮಾರಿಗೆ ಗುಣ ನಿಲ್ಲುವ ತಳಿ. ಎರಡು ಚೀಟಿಯೂ ಬಿಟಿ, ಹಾಗಾಗಿ ಪ್ರತಿ ಕಾಳಿನಲ್ಲೂ ವಿಷ ಇರುತ್ತದೆ. ಬಿಟಿ ತಳಿಯ ಜೊತೆ, ಸಂತಾನವಾಗದ ಪತಂಗಗಳನ್ನು ಗಾಳಿಗೆ ಬಿಟ್ಟು, 2018ರ ಹೊತ್ತಿಗೆ ಅಮೆರಿಕ ಈ ಹುಳವನ್ನು ಅಲ್ಲಿನ ಹತ್ತಿ ಹೊಲಗಳಿಂದ ನಿರ್ನಾಮ ಮಾಡಿತು. ನಮ್ಮ ರೈತರಿಗೆ ಮಾತ್ರ ಯಾಕೆ ಇಷ್ಟು ವರ್ಷ ಹೈಬ್ರಿಡ್ಡನ್ನೇ ಕೊಟ್ಟರು? ಎತ್ತಿಟ್ಟು ಬಿತ್ತಬಹುದಾದ ಬಿಟಿ ತಳಿಯನ್ನು ಮೊದಲೇ ಯಾಕೆ ಕೊಡಲಿಲ್ಲ? ಸಿಟ್ಟು ಬರಬೇಕಾದದ್ದು ಇಲ್ಲಿ, ತಂಗಿ. 'ಬಂಜೆ ಬೀಜ' ಅನ್ನುವ ಮಾತಿನ ಹಿಂದೆ ಓಡಿ ನಾವು ಈ ಪ್ರಶ್ನೆಯನ್ನು ಕೇಳುವುದನ್ನೇ ಮರೆತೆವು.

ಇನ್ನೊಂದು ಕೊಂಡಿಯೂ ಕಳಚಿತು. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂನ ಸಣ್ಣ ಪಾಕೀಟು ಬರುತ್ತಿತ್ತು, ನೆನಪಿದೆಯಾ? ಬಿಟಿ ಅಲ್ಲದ ಬೀಜ. ಹೊಲದ ಸುತ್ತ ಹಾಕಲು ಕೊಟ್ಟಿದ್ದು. ವಿಷ ತಾಳುವ ಗುಣ ಹುಳದಲ್ಲಿ ಸಾಮಾನ್ಯವಾಗಿ ಮೆಂಡೆಲ್‌ನ ಸುಕ್ಕು ಕಾಳಿನ ಥರ. ಎರಡೂ ಚೀಟಿ ಅದೇ ಆದರೆ ಮಾತ್ರ ಕಾಣಿಸುತ್ತದೆ. ಆ ಸುತ್ತಿನ ಸಾಲುಗಳಲ್ಲಿ ಮಾಮೂಲಿ ಹುಳ ಬದುಕಿ, ಅದರ ಪತಂಗ ತಾಳುವ ಪತಂಗದ ಜೊತೆ ಕೂಡಿದರೆ, ಮರಿಗಳು ಬಿಟಿ ತಿಂದು ಸಾಯುತ್ತವೆ. ಇದನ್ನು ಯಾರೂ ರೈತರಿಗೆ ಬಿಡಿಸಿ ಹೇಳಲಿಲ್ಲ. ಬೇಕಂತಲೇ ಹುಳ ಸಾಕಲು ಯಾರು ಜಾಗ ಬಿಡುತ್ತಾರೆ? ಹೆಚ್ಚಿನವರು ಆ ಪಾಕೀಟನ್ನು ಬದುವಿಗೆ ಎಸೆದರು.

ಈಗ ನೀವು ಮಾಡಬಹುದಾದದ್ದು: ಕಾಲುವೆ ನೀರು ಇದೆ ಅಂತ ಹತ್ತಿಯನ್ನು ಬೇಸಿಗೆಯವರೆಗೆ ಎಳೆಯಬೇಡಿ. ಒಲೆಗೆ ಅಂತ ಹತ್ತಿಕಟ್ಟಿಗೆಯನ್ನು ಮುಂದಿನ ಮುಂಗಾರಿನವರೆಗೆ ಒಟ್ಟಬೇಡಿ. ಒಣಗಿದ ಕಾಯಿಯೊಳಗೆ ಹುಳ ನಿದ್ದೆ ಮಾಡಿ ಕಾಯುತ್ತಿರುತ್ತದೆ. ಬಿಲ್ ಕೊಡದ ಬೀಜ ತೆಗೆದುಕೊಳ್ಳಬೇಡಿ.

ಎಮ್ಮೆಯ ವಿಷಯ. ಅತ್ತೆಯವರ ಹೆದರಿಕೆಯನ್ನು ನಾನು ಹಗುರ ಮಾಡುವುದಿಲ್ಲ. ಮೊಮ್ಮಕ್ಕಳ ಹಾಲಿನ ಬಗ್ಗೆ ಕೇಳುವುದು ಅವರ ಹಕ್ಕು. ಆದರೆ ಜೀನ್ ತಿಂದರೆ ಜೀನ್ ನಮ್ಮದಾಗುವುದಿಲ್ಲ. ದಿನಾ ತಿನ್ನುವ ಜೋಳದ ರೊಟ್ಟಿಯಲ್ಲಿ ಜೋಳದ ಜೀನ್ ಇವೆ, ಬೇಳೆಯಲ್ಲಿ ತೊಗರಿಯ ಜೀನ್ ಇವೆ. ಯಾರೂ ತೊಗರಿಯಾಗಿಲ್ಲ. ಹೊಟ್ಟೆ ಅವನ್ನು ಮುರಿದು ಅರಗಿಸುತ್ತದೆ. ಇನ್ನು ಬಿಟಿ ಪ್ರೋಟೀನ್ ಕೆಲಸ ಮಾಡುವುದು ಮರಿಹುಳುವಿನ ಕರುಳಿನಲ್ಲಿ. ಅಲ್ಲಿನ ರಸ ಸುಣ್ಣದ ನೀರಿನ ಥರ ಕ್ಷಾರ. ಪ್ರೋಟೀನ್ ಹಿಡಿದುಕೊಳ್ಳುವ ಕೊಕ್ಕೆಗಳೂ ಆ ಕರುಳಿನಲ್ಲಿವೆ. ನಮ್ಮ ಹೊಟ್ಟೆ ಹುಳಿ, ಆ ಕೊಕ್ಕೆಗಳೂ ಇಲ್ಲ. ಹತ್ತಿಕಾಳಿನಲ್ಲಿ ನಿಜವಾಗಿ ಎಚ್ಚರ ಬೇಕಾದದ್ದು ಬೇರೆ ಒಂದಿದೆ: ಗಾಸಿಪಾಲ್ ಎಂಬ ವಸ್ತು. ಅದು ನಾಟಿ ಹತ್ತಿಯಲ್ಲೂ ಇತ್ತು, ಬಿಟಿಯಲ್ಲೂ ಇದೆ. ಮೆಲುಕು ಹಾಕುವ ದೊಡ್ಡ ಎಮ್ಮೆ ಮಿತವಾಗಿ ಕೊಟ್ಟರೆ ತಾಳಿಕೊಳ್ಳುತ್ತದೆ. ಎಳೆ ಕರುವಿಗೆ ಹಾಕಬೇಡಿ.

ಬಿಟಿ ತೊಗರಿ ಎಂಬುದು ಮಾರುಕಟ್ಟೆಯಲ್ಲಿ ಇಲ್ಲ. ಯಾರಾದರೂ ಆ ಹೆಸರಲ್ಲಿ ಮಾರಿದರೆ ನಂಬಬೇಡಿ. ಬಿಟಿ ಬದನೆಗೆ 2010ರಲ್ಲೇ ಕೇಂದ್ರ ಸರ್ಕಾರ ತಡೆ ಹಾಕಿತು.

ಕೊನೆಗೆ ನಿಮ್ಮ ತೊಗರಿ. ಇಲ್ಲಿ ನಿಮ್ಮ ಒಂದು ಮಾತನ್ನು ಸ್ವಲ್ಪ ತಿದ್ದುತ್ತೇನೆ. ಅದು ತಾನಾಗಿಯೇ ವರ್ಷಾ ವರ್ಷಾ ಅದೇ ಥರ ಬರುತ್ತಿಲ್ಲ. ತೊಗರಿ ಹೂ ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಹಾಗಾಗಿ ಎರಡು ಚೀಟಿಯೂ ಒಂದೇ ಆಗಿ ಗುಣ ನಿಲ್ಲುತ್ತದೆ. ಆದರೆ ಜೇನುಹುಳು ಪಕ್ಕದ ಹೊಲದ ಪರಾಗವನ್ನೂ ತರುತ್ತದೆ. ಬಿಟ್ಟರೆ ನಾಲ್ಕಾರು ವರ್ಷದಲ್ಲಿ ಕಲಬೆರಕೆ ಆಗುತ್ತದೆ. ಆಗದಂತೆ ತಡೆದವರು ನಿಮ್ಮ ಅತ್ತೆಯವರು. ಅವರು ಆರಿಸುವುದನ್ನು ನೀವು ಬೀಜ ಎತ್ತಿಡುವುದು ಅನ್ನುತ್ತೀರಿ, ವಿಜ್ಞಾನಿಗಳು ತಳಿ ಆಯ್ಕೆ ಅನ್ನುತ್ತಾರೆ. 1986ರಲ್ಲಿ ಕರ್ನಾಟಕಕ್ಕೆ ಬಂದ ಮಾರುತಿ ತೊಗರಿಯೂ ಹೀಗೇ ಹುಟ್ಟಿದ್ದು. ನೆಟೆ ರೋಗ ಬಿದ್ದ ಮಣ್ಣಿನಲ್ಲಿ ಸಾಯದೆ ನಿಂತ ಗಿಡಗಳನ್ನು ಆರಿಸಿ, ಮತ್ತೆ ಆರಿಸಿ. ಜಹೀರಾಬಾದ್ ದಾಟಿ ಹೈದರಾಬಾದಿಗೆ ಹೋಗುವಾಗ ಸಿಗುವ ಪಟಾನ್‌ಚೆರುವಿನ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ಆ ಕೆಲಸ ನಡೆಯಿತು.

ಅತ್ತೆಯವರಿಗೆ ಒಂದೇ ಒಂದು ಸಲಹೆ ಹೇಳಲು ಧೈರ್ಯ ಮಾಡುತ್ತೇನೆ. ರಾಶಿ ಆದ ಮೇಲೆ ಕಾಳು ನೋಡಿ ಆರಿಸಿದರೆ ಯಾವ ಗಿಡದ್ದು ಅಂತ ಗೊತ್ತಾಗುವುದಿಲ್ಲ. ಗಿಡ ನಿಂತಿರುವಾಗಲೇ ಆರಿಸಬೇಕು. ಬದುವಿನ ಹತ್ತಿರದ ದೊಡ್ಡ ಗಿಡಕ್ಕೆ ಮೋಸ ಹೋಗಬೇಡಿ. ಅದಕ್ಕೆ ನೀರೂ ಜಾಸ್ತಿ, ಜಾಗವೂ ಜಾಸ್ತಿ. ಆ ದೊಡ್ಡತನ ಬೀಜದಲ್ಲಿ ಇರುವುದಿಲ್ಲ, ಕಾಳಿನ ಜೊತೆ ದಾಟುವುದಿಲ್ಲ. ಹೊಲದ ನಡುವೆ, ಅಕ್ಕಪಕ್ಕದ ಗಿಡಗಳ ಜೊತೆ ಜಗ್ಗಾಡಿಯೂ ಕಾಯಿ ತುಂಬಿಕೊಂಡ ಗಿಡವನ್ನು ನೋಡಿ. ನೆಟೆ ಬಿದ್ದ ಗಿಡದ್ದು ಬೇಡ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಮನೆಯವರೆಲ್ಲ ಹೊಲಕ್ಕೆ ಹೋಗುತ್ತೀರಲ್ಲ, ಆ ದಿನ ಭಜ್ಜಿ, ಸಜ್ಜೆ ರೊಟ್ಟಿ ಉಂಡ ಮೇಲೆ ಹಳೆ ಸೀರೆಯ ಚೂರುಗಳನ್ನು ಹಿಡಿದು ಅತ್ತೆ ಮುಂದೆ ನಡೆಯಲಿ. ಅವರು ತೋರಿಸಿದ ಗಿಡಕ್ಕೆ ಮಗಳು ಚೂರು ಕಟ್ಟಿ, ಎಷ್ಟು ಗಿಡ ಅಂತ ಬರೆದುಕೊಳ್ಳಲಿ. ಆ ಲೆಕ್ಕವನ್ನು ನನಗೂ ಕಳಿಸಿ.